ದಾಕ್ಷಾಯಿಣಿಯ ಊಟ

ಗೋಡೆಯ ಮೇಲಿನ ಪರದೆಯಲ್ಲಿ ಅದೇನೋ ಅಲುಗುತ್ತಿದೆ, ಗುಲಾಬಿ ಬಣ್ಣದ ನೀರು, ನೀರಿನೊಳಗೆ ನೆನೆಹಾಕಿದ ಸಾಬುದಾಣಿಯಂಥ ಕಾಳುಗಳು, ಒಂದು ಕಾಳು ನಡು ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಎರಡಾಯಿತು — ಬಾಳವ್ವ ಕಣ್ಣು ಕಿರಿದು ಮಾಡಿ ನೋಡಿದಳು, ಚೆಂದ ಕಾಣುತ್ತದೆ, ಇದನ್ನೇ ಅಲ್ಲವೇ ನಮ್ಮ ರಾಜು ಇಷ್ಟು ವರ್ಷ ಬಗ್ಗಿ ಬಗ್ಗಿ ನೋಡಿದ್ದು, ಬೆನ್ನು ಬಾಗಿದೆ ಪಾಪ, ತಲೆ ನರೆತಿದೆ, ವೇದಿಕೆಯ ಮೇಲೆ ಯಾರೋ ಅವನ ಸಾಧನೆ ಓದುತ್ತಿದ್ದಾರೆ, ಕ್ಯಾನ್ಸರಿನ ಮೇಲೆ ಇಷ್ಟು ಲೇಖನ, ಇಷ್ಟು ದೇಶ, ಇಷ್ಟು ಪ್ರಶಸ್ತಿ, ಧಾರವಾಡಕ್ಕೆ ಧಾರವಾಡವೇ ಚಪ್ಪಾಳೆ ತಟ್ಟುತ್ತಿದೆ, ಮುಂದಿನ ಸಾಲಿನಲ್ಲಿ ಕೂತ ಬಾಳವ್ವನ ತೊಡೆಯ ಮೇಲೆ ಅವನಿಗೆ ಹೊದಿಸಬೇಕಾದ ಬಿಳಿ ಶಾಲು, ಅತ್ತಿ, ಶಾಲು ನೀನ ಹೊಚ್ಚಬೇಕು, ಮಂತ್ರಿ ಬ್ಯಾಡ ಅಂದೇನಿ, ನಿನ್ನ ರೊಟ್ಟಿ ತಿಂದು ಬೆಳದ ಮೈ ಇದು ಅಂದಿದ್ದ — ತಮ್ಮನ ಮಗ ರಾಜಶೇಖರ, ಸಾಲಿ ಕಲಿಯಲೆಂದು ತನ್ನೂರು ಸುಳ್ಳದಿಂದ ಉಪ್ಪಿನಬೆಟಗೇರಿಗೆ ಅವಳ ಮನೆಗೆ ಬಂದವನು, ಅವಳ ಮಗಳು ದಾಕ್ಷಾಯಿಣಿಯ ಜೊತೆ ಒಂದೇ ಗಂಗಾಳದಲ್ಲಿ ಉಂಡವನು, ಏ ರಾಜ್ಯಾ, ಶೇಂಗಾ ಚಟ್ನಿ ಎಲ್ಲಾ ನೀನ ಬಳಕೊಂಡ್ರ ನಾ ಏನ ಗಂಗಾಳ ನೆಕ್ಕಲೇನ, ನಾಳೆ ಗಂಡ ಆಗಾಂವಗ ಹಂಗ ಅನಬಾರದ ಹುಚ್ಚಿ, ಗಂಡ ಆದರ ಆಗಲಿ, ಚಟ್ನಿ ಮಾತ್ರ ನಂದು — ಅವಳನ್ನು ಅವನಿಗೆ ಕೊಡುವ ಮಾತು ತೊಟ್ಟಿಲಿನಲ್ಲೇ ಆಗಿತ್ತು.

ಈಗ ರಾಜುವೇ ಮಾತಾಡುತ್ತಿದ್ದಾನೆ, ಪುಸ್ತಕದ ಭಾಷೆ, ಈ ಜೀವಕೋಶಗಳು ಒಬ್ಬ ರೋಗಿಯವು, ಇದೇ ಸೀಮೆಯ ಹೆಣ್ಣುಮಗಳು, ಹೆಸರು ಹೇಳುವಂತಿಲ್ಲ, ಎಡ ಎದೆಯ ಗಡ್ಡೆ, ಆಕೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಇವು ಬದುಕಿವೆ, ಬೆಳೆಯುತ್ತಲೇ ಇವೆ — ಎಡ ಎದೆ, ದಾಕ್ಷಿಯದೂ ಎಡ ಎದೆಯೇ, ಬಾಳವ್ವನ ಕೈ ತಾನಾಗಿ ಶಾಲನ್ನು ಹಿಂಡಿತು, ಬೇರೆ ಯಾರೋ ಇರಬೇಕು, ಇಂಥ ಗಡ್ಡೆ ಎಷ್ಟು ಮಂದಿಗಿಲ್ಲ, ಪಕ್ಕದಲ್ಲಿ ಅವನ ಪ್ರಯೋಗಶಾಲೆಯ ಹುಡುಗಿ ಪೂನಮ್ ಹಿಗ್ಗಿ ಕೂತಿದ್ದಾಳೆ, ಯಾವಾಕಿ ಅವ್ವಾ ಅಕಿ, ಗೊತ್ತಿಲ್ರಿ ಅಜ್ಜಿ, ಸರ್ ಅವರ ಬಳಗದಾಕೀನ ಅಂತ, ಲಗ್ನ ಗೊತ್ತಾಗಿತ್ತಂತ ಪಾಪ, ಖರೇನ ಜೀವ ಐತೇನ ಅವಕ್ಕ, ಐತ್ರಿ ಮತ್ತ, ನಾನ ಉಣಸ್ತೇನಿ, ಎರಡು ದಿನಾ ತಡಾ ಆತಂದ್ರ ಸೊರಗತಾವ, ಏನು ಉಣಸ್ತಿ, ಆ ನೀರಿನ್ಯಾಗ ಕರುವಿನ ರಕ್ತದ ತಿಳಿ ಇರತದ್ರಿ, ಇನ್ನೂ ಹುಟ್ಟಿರಂಗಿಲ್ಲ ನೋಡ್ರಿ, ಆಕಳ ಹೊಟ್ಟ್ಯಾಗಿನ ಕರು, ಅದರ ರಕ್ತಾನ ಬೇಕು ಇವಕ್ಕ.

ಕರು — ಮನೆಯ ಆಕಳು ಗೌರಿಯನ್ನು ಹಿಂಡುವಾಗ ಒಂದು ಮೊಲೆ ಕರುವಿಗೆಂದೇ ಬಿಟ್ಟು ಏಳುತ್ತಿದ್ದಳು ದಾಕ್ಷಿ, ಹಾಲು ಕಡಿಮಿ ಆತಲ್ಲ ಎಂದರೆ ಅದರ ಪಾಲು ಅದು ಕುಡದೈತಿ ಬಿಡಬೇ, ತಿಂದದ್ದು ತತ್ತಿ ಹಾಕಿದ ಕೇಕು ಎಂದು ತಿಳಿದ ದಿನ ಬಾಯಿ ತೊಳೆದು ತೊಳೆದು ಅತ್ತವಳು, ಕೊರಳಲ್ಲಿ ಲಿಂಗ, ಆ ಬಾಯಿಗೆ ಇಪ್ಪತ್ತು ವರ್ಷದಿಂದ — ಬಾಯಿ ಎಲ್ಲಿದೆ ಈ ಕಾಳಿಗೆ, ಆದರೂ ಉಣ್ಣುತ್ತದಂತೆ, ಸೊರಗುತ್ತದಂತೆ — ಮಣ್ಣು ಕೊಟ್ಟ ದಿನ ಅವಳನ್ನು ಪದ್ಮಾಸನ ಹಾಕಿ ಕೂರಿಸಿತ್ತು, ಅಂಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಕುಣಿಯ ತುಂಬ ಪತ್ರಿ, ಕೊಯ್ದು ತೆಗೆದ ಎದೆಯನ್ನು ದವಾಖಾನೆಯವರು ಕಸದಲ್ಲಿ ಒಗೆದರೆ ಮಗಳು ಅರ್ಧ ಮೈಯಲ್ಲಿ ಹೋಗುತ್ತಾಳೆಂದು ಬಾಳವ್ವ ಹಟ ಹಿಡಿದಿದ್ದಳು, ಅಲ್ಲೇ ಕೆಲಸಕ್ಕಿದ್ದ ರಾಜು ಸ್ಟೀಲಿನ ಡಬ್ಬಿ ತಂದ, ಮುಚ್ಚಳದ ಸುತ್ತ ಪಟ್ಟಿ ಸುತ್ತಿದ ಡಬ್ಬಿ, ಎಲ್ಲಾ ಐತೇನೋ ಇದರಾಗ, ಎಲ್ಲಾ ಐತಿ ಅತ್ತಿ, ನಿನ್ನ ಆಣಿ, ಅದನ್ನು ಬಾಳವ್ವನೇ ಮಗಳ ಮಡಿಲಲ್ಲಿ ಇಟ್ಟಳು, ಅವನೂ ಹಿಡಿ ಮಣ್ಣು ಹಾಕಿದ, ಅತ್ತ, ಆಮೇಲೆ ಲಗ್ನವಾಗಲಿಲ್ಲ, ಯಾಕೋ ಎಂದರೆ ನನ್ನ ಹೇಣ್ತಿ ಪ್ರಯೋಗಶಾಲ್ಯಾಗ ಅದಾಳಬೇ ಎಂದು ನಗುತ್ತಿದ್ದ, ಬಾಳವ್ವನೂ ನಕ್ಕಿದ್ದಳು, ನಕ್ಕಿದ್ದಳಲ್ಲ!

ಬಾಳವ್ವನವರು ವೇದಿಕೆಗೆ ಬರಬೇಕು, ಏಳ್ರಿ ಅಜ್ಜಿ, ಪೂನಮ್ ರಟ್ಟೆ ಹಿಡಿದಿದ್ದಾಳೆ, ಇದೇ ಕೈ ಉಣಿಸುವುದು, ತಣ್ಣಗಿದೆ, ಮೆಟ್ಟಿಲು, ರಾಜು ಕಾಲು ಮುಟ್ಟಲು ಬಗ್ಗಿದ, ಅವನ ಕಿವಿ ಹತ್ತಿರ ಬಂತು, ಡಬ್ಬ್ಯಾಗ ಏನಿತ್ತೋ ರಾಜಾ, ಅವನು ಬಗ್ಗಿದವನು ಬಗ್ಗಿಯೇ ಉಳಿದ, ಜ್ವಾಳದ ಕಾಳಿನಷ್ಟ ಇಟ್ಕೊಂಡಿದ್ದೆ ಅತ್ತಿ, ಉಳಿದದ್ದೆಲ್ಲಾ ಅದರಾಗ ಇತ್ತು, ಅದರಿಂದ ಔಷಧ ಆಗ್ಯಾವ, ಎಷ್ಟ ಹೆಣ್ಮಕ್ಕಳು ಉಳದಾರ, ಇಲ್ಲೇ ಕುಂತಾರ ನೋಡು, ಕೂತಿರಬಹುದು, ಅವರೂ ಯಾರದೋ ಮಕ್ಕಳು, ಬಾಳಲಿ, ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಕೇಳಬೇಕಿತ್ತು, ಗಂಗಾಳ ಹಂಚಿಕೊಂಡವನು, ನನ್ನ ಆಣಿ ಮಾಡ್ದೆಲ್ಲೋ, ನನ್ನ ತಲಿ ಮುಟ್ಟಿ — ಇವತ್ತಿನಿಂದ ಉಣಿಸಬೇಡ ಎನ್ನಲೇ, ಉಪವಾಸ ಕೆಡವಲೇ ಅವಳನ್ನು, ಇನ್ನೊಮ್ಮೆ ಸಾಯಿಸಲೇ, ಉಣಿಸು ಎನ್ನಲೇ, ಆ ರಕ್ತವನ್ನು, ತಾಯಿಯಾಗಿ — ಕ್ಯಾಮರಾದವರು ಅಜ್ಜೀ ಇತ್ತ ನೋಡ್ರಿ ಎನ್ನುತ್ತಿದ್ದಾರೆ, ರಾಜು ಕತ್ತು ಬಗ್ಗಿಸಿ ಕಾಯುತ್ತಿದ್ದಾನೆ, ಶಾಲು ಬಿಚ್ಚಿದೆ, ಎತ್ತಿದ ಕೈ ಎತ್ತಿದಲ್ಲೇ ಇದೆ, ಎದುರಿನಿಂದ ಪರದೆಗೆ ಚಿತ್ರ ಬೀಳಿಸುವ ಬೆಳಕಿಗೆ ಅವಳು ಅಡ್ಡ ನಿಂತಿದ್ದಾಳೆ, ಬಿಳಿ ಶಾಲಿನ ತುಂಬ ಗುಲಾಬಿ ಬಣ್ಣದ ನೀರು, ಅವಳ ಕೈಯ ಮೇಲೆ, ಬಳೆಯ ಮೇಲೆ, ಸೆರಗಿನ ಎಡಗಡೆ, ಕಾಳುಗಳು, ಒಂದು ಕಾಳು ಅಂಗೈಯಲ್ಲೇ ನಿಂತಿತು, ನಡು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಇನ್ನೂ —