ವರ್ನಾ ಉದುರಿಸಿದ ಜಲ್ಲಿ

ಆರ್ಲನ್ ಟಾಲೆಫ್ಸನ್‌ಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಅಮೆರಿಕದ ಡುಲೂತ್ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ, ಪ್ಲೈವುಡ್ ಮೇಜಿನ ಮೇಲೆ ಓಡುವ ಅವನ ಪುಟಾಣಿ ರೈಲು (ಆಟಿಕೆ ಅಂದವರ ಜೊತೆ ಅವನು ಮಾತು ಬಿಡುತ್ತಿದ್ದ) ಮೊನ್ನೆಯವರೆಗೂ ಸದ್ದಿಲ್ಲದೆ ಓಡುತ್ತಿತ್ತು. ಈಗ ಮತ್ತೆ ಗಡಗಡ.

ಹೆಂಡತಿ ವರ್ನಾಳ ಸೊಂಟದ ಆಪರೇಷನ್ ಆದಮೇಲೆ ಅವಳ ಮಂಚ ಮಹಡಿಯಿಂದಿಳಿದು ಸರಿಯಾಗಿ ರೈಲಿನ ನೆತ್ತಿಯ ಮೇಲಿನ ಕೋಣೆಗೆ ಬಂದಿತ್ತು. "ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಕೆ ಬಿಡು, ಇಲ್ಲಾಂದ್ರೆ ಆ ರೈಲಿಗೆ ಬೇರೆ ಮನೆ ನೋಡು" ಅಂದಿದ್ದಳು. ಅವನು ಹಳಿಗಳನ್ನೆಲ್ಲ ಕಿತ್ತು, ಅವುಗಳ ತಳಕ್ಕೆ ಬೆಂಡಿನಂಥ ಮೆತ್ತನೆಯ ಕಾರ್ಕ್ ಪಟ್ಟಿ ಅಂಟಿಸಿ, ಮತ್ತೆ ಜೋಡಿಸಿದ್ದ. ಸದ್ದಡಗಿತು. ವರ್ನಾ ನಿದ್ದೆ ಹೋದಳು.

ಆಮೇಲೆ ಒಂದು ದಿನ ಕೋಲೂರಿಕೊಂಡು ತಾನೇ ಕೆಳಗಿಳಿದು ಬಂದಳು. ಮದುವೆಯಾದಾಗಿನಿಂದ ಆ ರೈಲಿನತ್ತ ತಿರುಗಿಯೂ ನೋಡದವಳು!

"ಏನಿದು ಆರ್ಲನ್, ಹಳಿ ಬರಿಮೈಯಲ್ಲಿ ನಿಂತಿದೆ?" ಎಂದು ಸ್ಟೂಲೆಳೆದು ಕೂತು, ನಿಜವಾದ ರೈಲುಹಳಿಗೆ ಹಾಕುವಂತೆ ಚಮಚದಲ್ಲಿ ಸಾಸಿವೆಯಂಥ ಜಲ್ಲಿ ಉದುರಿಸಿ, ಬ್ರಷ್ಷಿನಿಂದ ಸವರತೊಡಗಿದಳು. ದಿನವೂ ಬಂದಳು. ನೋವು ಮರೆತು ಗುನುಗಿದಳು. ಅವನಿಗಾದ ಸಂತೋಷ ಹೇಳತೀರದು. ಇಂಥ ರೈಲು ಕಟ್ಟುವವರೆಲ್ಲ ಮಾಡುವಂತೆ ನೀರು ಬೆರೆಸಿದ ಬಿಳಿ ಅಂಟನ್ನು ಜಲ್ಲಿಗೆ ಹನಿಸುತ್ತ ಅವಳ ಹಿಂದೆಯೇ ಸಾಗಿದ. ಅಂಟು ಒಣಗಿ ಕಲ್ಲಾಯಿತು.

ಆಗಲೇ ಈ ಗಡಗಡ ಮರಳಿದ್ದು. ಚಕ್ರ ಒರೆಸಿದ, ಎಂಜಿನ್ನಿಗೆ ಎಣ್ಣೆ ಬಿಟ್ಟ, ಮೇಜಿನ ಕಾಲಿಗೆ ಹಳೇ ಕಂಬಳಿ ಸುತ್ತಿದ. ಊಹ್ಞೂಂ. ಅದೇ ಹಳಿ, ಅದೇ ಕಾರ್ಕ್, ಮತ್ತೇನು ರೋಗ ಇದಕ್ಕೆ?

ರೈಲು ಮೇಜಿನ ಮೇಲಿನ ಪುಟ್ಟ ಸುರಂಗ ಹೊಕ್ಕಾಗ ಮಾತ್ರ ಸದ್ದು ನಿಲ್ಲುತ್ತಿತ್ತು. ಅಲ್ಲಿ ಜಲ್ಲಿ ಹಾಕಿರಲಿಲ್ಲ. ಆಗ ಅವನಿಗೆ ಹೊಳೆಯಿತು. ಅಂಟು ಕುಡಿದ ಜಲ್ಲಿ ಹಳಿಯನ್ನೂ ಮೇಜಿನ ಹಲಗೆಯನ್ನೂ ಒಂದೇ ಗಟ್ಟಿ ಮಾಡಿತ್ತು. ಸದ್ದು ಕಾರ್ಕನ್ನು ತಪ್ಪಿಸಿಕೊಂಡು ಜಲ್ಲಿಯ ಮೂಲಕ ಹಲಗೆಗೆ ಇಳಿಯುತ್ತಿತ್ತು.

ವರ್ನಾಳ ಜಲ್ಲಿ ಕೀಳಬೇಕೆ? ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ. ಸ್ವಿಚ್ ಆರಿಸಿ, ನಿಂತ ರೈಲಿನ ಪಕ್ಕ ಕಾಫಿ ಹೀರುತ್ತ ಕೂತ. ಬೇಸರದಿಂದ ಪ್ರಾಣ ಹೋಗುವಂತಾಗುತ್ತಿತ್ತು. ಮೇಲೆ ಅವಳಿಗೆ ಸುಖನಿದ್ದೆ.

ಭಾನುವಾರ ಅವಳು ಇಳಿದು ಬಂದಳು. "ನನ್ನ ಜಲ್ಲಿ ಮೇಲೆ ರೈಲು ಓಡೋದು ನೋಡ್ಬೇಕು."

"ಎಂಜಿನ್ನು ಸ್ವಲ್ಪ..."

"ಓಡಿಸು ಅಂದೆ."

ರೈಲು ಗಡಗಡ ಓಡಿತು, ಸುರಂಗದಲ್ಲಿ ಸುಮ್ಮನಾಯಿತು, ಹೊರಬಂದು ಮತ್ತೆ ಗಡಗಡ. ವರ್ನಾ ಹಲಗೆ ಮೇಲೆ ಕೈಯಿಟ್ಟು ನೋಡಿದಳು.

"ನನ್ನ ಜಲ್ಲೀನಾ?"

"ಜಲ್ಲಿಯಲ್ಲ. ನಾನು ಹಾಕಿದ ಅಂಟು."

"ಅದಕ್ಕೆ ಇಷ್ಟು ದಿನ ರೈಲು ನಿಲ್ಲಿಸಿ ಗೂಬೆ ಥರ ಕೂತಿದ್ಯಾ? ಹೇಳೋಕೇನಾಗಿತ್ತು?"

"ಜಲ್ಲಿ ಕಿತ್ರೆ ನೀನು ಮತ್ತೆ ಕೆಳಗೆ ಬರಲ್ಲ ಅಂತ ಹೆದರಿಕೆ ಆಯ್ತು."

ವರ್ನಾ ಸ್ಟೂಲೆಳೆದು ಕೂತು, ನೀರಿನ ಬಾಟಲಿ ಎತ್ತಿಕೊಂಡು, ಅಂಟು ನೆನೆಯಲೆಂದು ಮೊದಲ ತಿರುವಿನ ಜಲ್ಲಿಗೆ ಚಿಮುಕಿಸಿದಳು.

"ಕೆರೆಯೋಕೆ ಏನಾದ್ರೂ ಕೊಡು. ನನಗೂ ಒಂದು ಕಾಫಿ ತಾ. ಇದು ಈಸ್ಟರ್ ಹಬ್ಬ ಬಂದ್ರೂ ಮುಗಿಯೋ ಕೆಲಸ ಅಲ್ಲ."