ಶಿಕಾರಿಗೆ ಹೋಗದ ರಿವಾಲ್ವರ್

ಇಳಕಲ್ಲಿನಲ್ಲಿ ಖಾಸಿಂಸಾಬ ಎರಡು ಸಂಗತಿಗೆ ಹೆಸರಾಗಿದ್ದ: ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದಕ್ಕೆ, ಹಿಡಿದ ಹಟ ಬಿಡದಿರುವುದಕ್ಕೆ. ಕಣ್ಣು ಮಂಜಾದ ಮೇಲೆ ತಂತಿ ಸುತ್ತುವುದನ್ನು ಬಿಟ್ಟ. ಹಟಕ್ಕೆ ಕಣ್ಣು ಬೇಕಾಗಿರಲಿಲ್ಲ.

ಅವನ ಹಟಗಳಲ್ಲೆಲ್ಲ ಹಳೆಯದು ಒಂದು ರಿವಾಲ್ವರಿನದು. ಅದು ಅವನದಲ್ಲ, ಹುನಗುಂದದ ಗೆಳೆಯ ಅಮಸಿದ್ದಪ್ಪನದು. ಅಮಸಿದ್ದಪ್ಪ ಕುರಿಗಾರರ ಮನೆಯವನು. ಹಟ್ಟಿಗೆ ತೋಳ ಬೀಳುತ್ತವೆಂದು ಹರೆಯದಲ್ಲೇ ಲೈಸೆನ್ಸು ಸಿಕ್ಕಿತ್ತು. ಇಬ್ಬರೂ ಕೂಡಿಯೇ ಬಾಗಲಕೋಟೆಯ ಹಳೇ ಪೇಟೆಗೆ ಹೋಗಿದ್ದರು. ಅಂಗಡಿಯವನು ಅರಿವೆ ಹಾಸಿ ಸಣ್ಣದು, ದೊಡ್ಡದು ಎಲ್ಲ ಇಟ್ಟ. ಅಮಸಿದ್ದಪ್ಪನ ಕೈ ಸಣ್ಣದರ ಕಡೆ ಹೋಯಿತು. ಖಾಸಿಂಸಾಬ ಅದನ್ನು ತಡೆದು, ಕಿರುಬೆರಳು ತೂರುವಂಥ ಬಾಯಿಯ ವಿಲಾಯತಿ ರಿವಾಲ್ವರನ್ನು ಎತ್ತಿ ಅವನ ಕೈಗಿಟ್ಟ. "ತೊಗೊಂಡ್ರ ಇದನ್ನ ತೊಗೊ. ಶಿಕಾರಿಗೂ ಆತು, ನಿಶಾನಿಗೂ ಆತು."

ನಿಶಾನಿಗೇನೋ ಆಯಿತು. ಒಡೆದ ಗಡಿಗೆಯ ಚೂರುಗಳನ್ನು ಒಡ್ಡಿನ ಮೇಲೆ ಸಾಲಾಗಿ ಇಟ್ಟರೆ ಅಮಸಿದ್ದಪ್ಪ ಒಂದನ್ನೂ ಬಿಡುತ್ತಿರಲಿಲ್ಲ. ಆದರೆ ಶಿಕಾರಿಗೆ ಅದನ್ನು ಒಯ್ದದ್ದು ಒಂದೇ ಸಲ. ಆಮೇಲೆ ಎಲ್ಲಿಂದಲೋ ಸಣ್ಣ ಗುಂಡಿನ ರೈಫಲ್ ತಂದ. ಅದನ್ನು ಹಿಡಿದನೆಂದರೆ ಗುಂಡು ಮೊಲದ ಹಿಂಗಾಲಿಗೋ ಚಿಗರಿಯ ತೊಡೆಗೋ ಬೀಳುತ್ತಿತ್ತು, ಎದೆಗೆ ಬಿದ್ದದ್ದೇ ಇಲ್ಲ. ಜೊತೆಯವರು ನಗುತ್ತಿದ್ದರು. ಖಾಸಿಂಸಾಬ ಚೂರಿ ಹಿಡಿದು ಓಡಿ, ಬಿಸ್ಮಿಲ್ಲಾ ಅಂದು ಹಲಾಲ್ ಮಾಡಿ ಮುಗಿಸುತ್ತಿದ್ದ. ನಗುವುದರಲ್ಲೂ ಅವನೇ ಮುಂದಿರುತ್ತಿದ್ದ. ಮುಂದೆ ಕಾಯ್ದೆ ಬಂದು ಶಿಕಾರಿ ನಿಂತಿತು. ತಾನು ಆರಿಸಿದ್ದನ್ನು ಗೆಳೆಯ ಮೂಲೆಗೆ ಹಾಕಿದನಲ್ಲ ಎಂಬ ನೋವು ಮಾತ್ರ ಖಾಸಿಂಸಾಬನಿಂದ ಹೋಗಲಿಲ್ಲ.

ಈಗ ಹೊಸ ನಿಯಮ ಬಂದಿತ್ತು: ಒಬ್ಬರ ಹೆಸರಿನಲ್ಲಿ ಎರಡೇ ಆಯುಧ. ಅಮಸಿದ್ದಪ್ಪನ ಹತ್ತಿರ ಮೂರಿದ್ದವು. ಹೊಲದಲ್ಲಿ ಹಂದಿ ಬೆದರಿಸುವ ಜೋಡುನಳಿಗೆಯ ಬಂದೂಕು ಬೇಕೇ ಬೇಕು. ರಿವಾಲ್ವರ್, ರೈಫಲ್ ಎರಡರಲ್ಲಿ ಒಂದನ್ನು ಬಾಗಲಕೋಟೆಯ ಬಂದೂಕಿನ ಅಂಗಡಿಗೆ ಒಪ್ಪಿಸಬೇಕು. "ಆರಿಸಾಕ ನೀನೂ ಬಾ" ಎಂದು ಅಮಸಿದ್ದಪ್ಪನ ಫೋನು ಬಂದಾಗ ಖಾಸಿಂಸಾಬನಿಗೆ ಅಳುಕಾಯಿತು. ಗೆಳೆಯ ರಿವಾಲ್ವರನ್ನು ಕೊಟ್ಟುಬಿಟ್ಟರೆ ತನ್ನ ಮಾತಿಗೆ ಬೆಲೆಯೇ ಇರಲಿಲ್ಲ ಎಂದಂತಾಯಿತು.

"ಐವತ್ತ ವರ್ಷ ಆತು, ಆ ಕಬ್ಬಿಣದ ಸಲವಾಗಿ ಇನ್ನೂ ಮಾರಿ ಊದಿಸ್ಕೊಂಡ ಕುಂದ್ರತೀರಲ್ರಿ" ಎಂದಳು ಹೆಂಡತಿ ಬಿಬಿಜಾನ. ಆದರೂ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು.

ಹುನಗುಂದದಿಂದ ಕಾರು ನಡೆಸಿದವಳು ಅಮಸಿದ್ದಪ್ಪನ ಮೊಮ್ಮಗಳು ಸವಿತಾ. ಅಮೀನಗಡದಲ್ಲಿ ಚಹಕ್ಕೆ ಇಳಿದಾಗ ಅವಳು ಕೇಳಿದಳು, "ಖಾಸಿಂ ಅಜ್ಜಾ, ಅಷ್ಟ ದೊಡ್ಡದ ಯಾಕ ಆರಿಸಿದ್ರಿ?"

"ತೂಕ ಇದ್ದದ್ದು ಕೈಯಾಗ ನಡಗೂದಿಲ್ಲವಾ. ಒದಿಯೂದು ಒದೀತೈತಿ ಖರೆ, ಆದ್ರ ಒಂದ ಗುಂಡಿಗೆ ಕೆಲಸ ಮುಗೀತೈತಿ. ನಿಮ್ಮಜ್ಜಗ ಅದರ ಕಿಮ್ಮತ್ತು ತಿಳೀಲಿಲ್ಲ."

ಅಮಸಿದ್ದಪ್ಪ ಚಹದ ಜೊತೆ ಕೊಂಡ ಸಿಹಿ ಕರದಂಟನ್ನು ಉಳಿದ ಹಲ್ಲುಗಳ ನಡುವೆ ನಿಧಾನಕ್ಕೆ ಹೊರಳಿಸುತ್ತಿದ್ದ.

ಬಾಗಲಕೋಟೆ ಮುಟ್ಟಿದ ಮೇಲೆ ಅವನೇ ಅಣೆಕಟ್ಟಿನ ಹಿನ್ನೀರಿನ ಕಡೆ ಕಾರು ತಿರುಗಿಸಲು ಹೇಳಿದ. ಅಂದು ರಿವಾಲ್ವರ್ ಆರಿಸಿದ ಪೇಟೆ ಈಗ ಆ ನೀರಿನೊಳಗೆ. ಅಂಗಡಿ ಎಲ್ಲಿತ್ತೆಂದು ಇಬ್ಬರೂ ಕೈ ಮಾಡಿ ತೋರಿಸಿದರು, ಒಬ್ಬೊಬ್ಬರು ಒಂದೊಂದು ಕಡೆ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಖಾಸಿಂಸಾಬನ ಬಾಯಿಗೆ ಬಂತು.

"ಲೇ, ಖರೆ ಹೇಳು. ನಾ ಆರಿಸಿದ್ದು ನಿನಗ ಸೇರಲಿಲ್ಲ, ಹೌದಿಲ್ಲೋ?"

"ಭಾಳ ಸೇರಿತ್ತು."

"ಮತ್ತ ಶಿಕಾರಿಗೆ ಯಾಕ ಒಯ್ಯಲಿಲ್ಲ?"

"ಒಮ್ಮೆ ಒಯ್ದಿದ್ನಲ್ಲ, ಮಹಾಕೂಟದ ಗುಡ್ಡಕ್ಕ. ಮೊಲ ಬಿತ್ತು. ನೀ ಚೂರಿ ಹಿಡಕೊಂಡ ಓಡಿದಿ. ಮುಟ್ಟೂದರಾಗ ಅದರ ಜೀವ ಹೋಗಿತ್ತು. ಸತ್ತದ್ದಕ್ಕ ಹಲಾಲ್ ಇಲ್ಲಂತ ಚೂರಿ ಒಳಗಿಟ್ಟಿ. ನಾವೆಲ್ಲಾ ಖಂಡ ಉಂಡ್ವಿ, ನೀ ಕಲ್ಲಿನ ಮ್ಯಾಲೆ ಕುಂತ ಉಳ್ಳಾಗಡ್ಡಿ ರೊಟ್ಟಿ ತಿಂದಿ." ಅಮಸಿದ್ದಪ್ಪ ನೀರಿನ ಕಡೆಯೇ ನೋಡುತ್ತಿದ್ದ. "ಆ ಗುಂಡು ತಾಗಿದ ಜೀವ ನೀ ಬರೂತನಕ ಕಾಯತಿದ್ದಿಲ್ಲ. ಅದಕ್ಕ ಸಣ್ಣದು ತಂದ್ನಿ. ಕಾಲಿಗೆ ಹೊಡದ್ನಿ. ಆ ಪಾಪ ನನ್ನ ತಲಿ ಮ್ಯಾಲೆ ಐತಿ."

ಉಳ್ಳಾಗಡ್ಡಿ ರೊಟ್ಟಿ ಖಾಸಿಂಸಾಬನಿಗೆ ಚೆನ್ನಾಗಿ ನೆನಪಿತ್ತು. ಅದರ ಮರುವಾರವೇ ಹೊಸ ರೈಫಲ್ ಬಂದದ್ದೂ ನೆನಪಿತ್ತು. ಅವೆರಡನ್ನು ಜೋಡಿಸಲು ಅವನ ತಲೆಗೆ ಹೊಳೆದಿರಲಿಲ್ಲ. ಗಡಿಗೆಯ ಚೂರು ತಪ್ಪದವನು ಮೊಲದ ಎದೆ ಹೇಗೆ ತಪ್ಪುತ್ತಾನೆ ಎಂದೂ ಕೇಳಿಕೊಂಡಿರಲಿಲ್ಲ. ತಾನು ನಕ್ಕ ನಗುವೆಲ್ಲ ಒಮ್ಮೆಗೇ ತಿರುಗಿ ಬಂದು ಅವನಿಗೆ ನಾಚಿಕೆಯಾಯಿತು, ಅಳು ಬಂತು.

"ಆವಾಗ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರ ನೀ ಬರತಿದ್ದಿಲ್ಲ. 'ನನ್ನ ಸಲವಾಗಿ ಬ್ಯಾಡ' ಅಂತ ಮನ್ಯಾಗ ಕುಂದ್ರತಿದ್ದಿ. ನಿನ್ನ ಹಟ ನನಗ ಗೊತ್ತಿಲ್ಲೇನು? ನೀ ಇಲ್ಲದ ಶಿಕಾರಿ ಯಾವನಿಗೆ ಬೇಕಿತ್ತು?"

ಅಂಗಡಿಯಲ್ಲಿ ಎರಡನ್ನೂ ಮೇಜಿನ ಮೇಲೆ ಇಟ್ಟರು. ಯಾವುದು ಕೊಡುವುದು ಎಂದು ಅಂಗಡಿಯವನು ಕೇಳಿದ. "ರೈಫಲ್ಲು" ಎಂದ ಅಮಸಿದ್ದಪ್ಪ. "ರಿವಾಲ್ವರ್ ಇರಲಿ. ಇಂವ ಆರಿಸಿದ್ದು."

ಖಾಸಿಂಸಾಬ ರಿವಾಲ್ವರಿನ ಬಾಯಿಗೆ ಕಿರುಬೆರಳು ಇಟ್ಟು ನೋಡಿದ. ಬೆರಳ ಗಂಟು ದಪ್ಪವಾಗಿ, ಈಗ ಹೋಗುತ್ತಿರಲಿಲ್ಲ. ಅದನ್ನು ಅಂಗಡಿಯವನ ಕಡೆ ಸರಿಸಿದ.

"ಇದನ್ನ ನೀವು ಇಟ್ಕೋರಿ. ರೈಫಲ್ಲು ಇವನ ಹಂತೇಕ ಇರಲಿ."

"ಲೇ, ನೀನ ಆರಿಸಿದ್ದಲೇ ಅದು" ಎಂದ ಅಮಸಿದ್ದಪ್ಪ.

"ಆವಾಗ ನಾ ಬರೇ ಬಂದೂಕ ನೋಡಿ ಆರಿಸಿದ್ನಿ."

ತಿರುಗಿ ಬರುವಾಗ ರೈಫಲನ್ನು ಡಿಕ್ಕಿಯಲ್ಲಿ ಇಡಲು ಖಾಸಿಂಸಾಬ ಒಪ್ಪಲಿಲ್ಲ. ಹುನಗುಂದ ಬರುವ ತನಕ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಒಂದು ಕೈಯನ್ನು ಅದರ ಮೇಲೆಯೇ ಇಟ್ಟಿದ್ದ.