ಕಂಬಕ್ಕೆ ಬಡಿದ ಹನ್ನೊಂದು ಹೊಡೆತ

ಕಬ್ಬಿಣದ ಗೋಲುಕಂಬಕ್ಕೆ ಪಕ್ ಎಂಬ ರಬ್ಬರಿನ ಬಿಲ್ಲೆ ಬಡಿದರೆ ಟಣ್ ಎನ್ನುತ್ತದೆ. ಹದಿನಾರು ವರ್ಷಗಳಿಂದ ಆ ಸದ್ದು ನನ್ನ ಬೆನ್ನು ಬಿಟ್ಟಿಲ್ಲ. ಚಹಾದ ಲೋಟಕ್ಕೆ ಚಮಚ ತಾಗಿದರೆ ಅದೇ, ಇಗರ್ಜಿಯ ಗಂಟೆಯಲ್ಲೂ ಅದೇ.

ಮಂಜುಗಡ್ಡೆಯ ಮೇಲೆ ಐಸ್ ಹಾಕಿ ಪಂದ್ಯ ಆಡುವ ಹುಡುಗರಿಗೆ ಅಂಕ ಹಾಕುವುದು ನನ್ನ ಕೆಲಸ. ಹದಿನೈದರ ಪೋರ ಮುಂದೆ ಗೋಲು ಹೊಡೆಯುವವನಾಗುತ್ತಾನೋ ಇಲ್ಲವೋ, ಹತ್ತಕ್ಕೆ ಇಷ್ಟು ಎಂದು ಬರೆದು ಪಟ್ಟಣದ ತಂಡಕ್ಕೆ ಕಳಿಸುತ್ತೇನೆ. ನಾವು ಮೇಲಿನ ಸಾಲಿನಲ್ಲೇ ಕೂರಬೇಕು, ಚಪ್ಪಾಳೆ ತಟ್ಟಬಾರದು, ಹುಡುಗರೊಡನೆ ಮಾತಾಡಬಾರದು. ಯಾವ ಪುಸ್ತಕದಲ್ಲೂ ಇಲ್ಲದ ಇನ್ನೊಂದು ಪದ್ಧತಿಯೂ ಉಂಟು. ಸರ್ಕಾರ ಇಲ್ಲಿನ ಮೂಲನಿವಾಸಿ ಕ್ರೀ ಜನರಿಗೆಂದು ಗೆರೆ ಎಳೆದುಕೊಟ್ಟ ರಿಸರ್ವಿನ ಹುಡುಗನಾದರೆ ಹೆಸರಿನ ಪಕ್ಕ ಒಂದು ಚುಕ್ಕಿ. ಮನೆ ನೆನಪಾಗಿ ಓಡಿಹೋಗುವವನು ಎಂದರ್ಥ. ನನ್ನ ಅಜ್ಜಿಯೂ ಕ್ರೀ. ಆದರೆ ಮೇಲಿನ ಸಾಲಿನಲ್ಲಿ ಕೂತವನಿಗೆ ಅಜ್ಜಿ ಇರುವುದಿಲ್ಲ.

ಹದಿನಾರು ವರ್ಷದ ಹಿಂದೆ ಸ್ಟರ್ಜನ್ ನ್ಯಾರೋಸ್ ಎಂಬ ರಿಸರ್ವಿನಲ್ಲಿ ಆ್ಯಂಬ್ರೋಸ್ ಎಂಬ ಹುಡುಗ ಒಂದೇ ಮಧ್ಯಾಹ್ನ ಹನ್ನೊಂದು ಸಲ ಕಂಬಕ್ಕೇ ಹೊಡೆದ. ‘ಗುರಿಯಿಲ್ಲ’ ಎಂದು ಬರೆದು, ಅಂಕ ಹಾಕಿ, ಚುಕ್ಕಿ ಇಟ್ಟು ಪಟ್ಟಿ ಕಳಿಸಿದೆ. ಹೊರಡುವಾಗ ಕಂಬ ಕಣ್ಣಿಗೆ ಬಿತ್ತು. ನಾಣ್ಯದಗಲ ಬಣ್ಣ ಹೋಗಿತ್ತು, ಒಂದೇ ಕಡೆ. ಗುರಿಯಿಲ್ಲದವನು ಹನ್ನೊಂದು ಸಲ ಒಂದೇ ಜಾಗಕ್ಕೆ ಹೊಡೆಯುತ್ತಾನೆಯೇ? ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕಾರು ಹತ್ತಿದೆ.

ಅವನು ಸತ್ತು ದೆವ್ವವಾಗಿದ್ದರೆ ಪಾದ್ರಿಯನ್ನಾದರೂ ಕರೆಸಬಹುದಿತ್ತು. ಬದುಕಿದ್ದಾನೆ. ಅದೇ ಮಂಜಿನ ಅಂಗಳದಲ್ಲಿ ಸ್ಕೇಟುಗಳ ಅಲಗಿಗೆ ಸಾಣೆ ಹಿಡಿಯುತ್ತಾನೆ.

ಕಳೆದ ಶನಿವಾರ ಅವನ ಅಕ್ಕನ ಮಗ ಜೊಸಾಯನನ್ನು ನೋಡಲು ಹೋದೆ. ಸಂಜೆ ಐದಕ್ಕೆ ತಂಡದ ಆಯ್ಕೆಪಟ್ಟಿ ಮುಚ್ಚುತ್ತದೆ. ಅದರಲ್ಲಿಲ್ಲದ ಹುಡುಗನನ್ನು ಆಮೇಲೆ ಯಾರೂ ಕೇಳುವುದಿಲ್ಲ. ಪಂದ್ಯ ಶುರುವಾಗಿ ಹತ್ತು ನಿಮಿಷಕ್ಕೆ ಟಣ್. ಮತ್ತೆ ಟಣ್. ಮೂರನೆಯದೂ ಅದೇ ಕಂಬದ ಅದೇ ಜಾಗಕ್ಕೆ. ನನ್ನ ಪೆನ್ಸಿಲ್ ತಾನಾಗಿಯೇ ‘ಗು’ ಎಂದು ಬರೆದಿತ್ತು.

ಪಂದ್ಯ ಮುಗಿದದ್ದೇ ಮೆಟ್ಟಿಲಿಳಿದೆ. ಆಡುವವರ ಹತ್ತಿರಕ್ಕೆ, ಇಷ್ಟು ವರ್ಷದಲ್ಲಿ ಮೊದಲ ಸಲ.

“ಏನ್ ಯಜಮಾನ್ರೇ, ಕೆಳಗ್ ಬಂದ್ರಿ? ಮೇಲೆ ಸೀಟ್ ತಣ್ಣಗಾಯ್ತಾ?” ಆ್ಯಂಬ್ರೋಸ್ ಸಾಣೆ ನಿಲ್ಲಿಸದೆ ಕೇಳಿದ.

“ಹುಡುಗನ ಸ್ಟಿಕ್ ನೋಡ್ಬೇಕು.”

“ನೋಡಿ. ನೋಡೋದೇ ಅಲ್ವಾ ನಿಮ್ ಉದ್ಯೋಗ.”

ಜೊಸಾಯ ಎಡಗೈಯವನು. ಸ್ಟಿಕ್ಕಿನ ಅಲಗು ಬಾಗಿದ್ದು ಬಲಗೈಯವರಿಗೆ. ಸೌಟನ್ನು ಬೋರಲು ಹಿಡಿದು ಮೂಸ್ ಕಡವೆಯ ಮಾಂಸದ ಸಾರು ಬಡಿಸಿದ ಹಾಗೆ.

“ಇದ್ಯಾಕೆ ಇವ್ನ ಕೈಲಿ?”

“ನಿಮ್ ತಂಡದೋರು ದಾನ ಕೊಟ್ಟ ಪೆಟ್ಟಿಗೇದು. ಎಲ್ಲಾ ಬಲಗೈದೇ. ಪೇಪರಲ್ಲಿ ಫೋಟೊ ಬಂದಿತ್ತಲ್ಲ, ನೀವೂ ಹಲ್ಲು ಕಿರ್‍ಕೊಂಡು ನಿಂತಿದ್ರಿ.”

“ನಿನ್ ಕಾಲದಲ್ಲೂ?”

“ನನ್ ಕಾಲದ ಪೆಟ್ಟಿಗೆ ಇನ್ನೂ ಹಳೇದು.”

ಅವನು ಗೋಡೆಯಿಂದ ಒಂದು ಸ್ಟಿಕ್ ಇಳಿಸಿದ. ಎಡಗೈಯದು, ಗೀರೂ ಬಿದ್ದಿರಲಿಲ್ಲ. “ನಂದೂ ಎಡಗೈಯೇ. ವಯಸ್ಸು ಇಪ್ಪತ್ತಾದ್ಮೇಲೆ ತಗೊಂಡೆ. ಆಗ ಯಾರಿಗ್ ತೋರ್ಸೋದು?”

ಖಾಲಿ ಅಂಗಳದಲ್ಲಿ ಜೊಸಾಯ ಅದರಿಂದ ಹತ್ತು ಸಲ ಹೊಡೆದ. ಒಂದೂ ಬಲೆಗೆ ಬೀಳಲಿಲ್ಲ, ಕಂಬಕ್ಕೂ ತಾಗಲಿಲ್ಲ. ತಪ್ಪಿಗೇ ಪಳಗಿದ ಕೈಗಳಿಗೆ ಸರಿಯಾದದ್ದು ಹಿಡಿತಕ್ಕೆ ಬರಲಿಲ್ಲ.

“ಮಾಮ, ಇದು ಬೇರೆ ಯಾರ್ದೋ ಕೈ ಇದ್ದಂಗಿದೆ,” ಎಂದ.

ಐದಕ್ಕೆ ಹತ್ತು ನಿಮಿಷ. ತಂಡದ ಮುಖ್ಯಸ್ಥ ಮರ್ವಿನ್‌ಗೆ ಫೋನ್ ಮಾಡಿದೆ.

“ಎಷ್ಟು ಗೋಲು?”

“ಒಂದೂ ಇಲ್ಲ.”

“ಅಂಕ?”

“ಒಂಬತ್ತು.”

“ಕುಡ್ದಿದೀಯಾ, ಲೂಸಿಯನ್?”

“ಉಲ್ಟಾ ಸ್ಟಿಕ್ಕಲ್ಲಿ ಮೂರು ಸಲ ಒಂದೇ ಜಾಗಕ್ಕೆ ಹೊಡ್ದ. ನಿನ್ ಹುಡುಗ್ರಲ್ಲಿ ಯಾರ್ ಕೈಲಾಗತ್ತೆ, ಹೇಳು. ಆ ಉಲ್ಟಾ ಸ್ಟಿಕ್ ಕೊಟ್ಟೋರೂ ನಾವೇ.”

“ಸರಿಯಪ್ಪ. ಚುಕ್ಕಿನಾದ್ರೂ ಇಡ್ಲಾ?”

“ಬೇಡ. ಅವನಿಗೊಂದು ಮನೆ ಇದೆ, ಅಷ್ಟೆ. ಅದು ರೋಗ ಅಲ್ಲ.”

“ಬರ್ಕೊಂಡೆ. ಅವನು ಓಡಿಹೋದ್ರೆ ನೀನೂ ಹೊರಗೆ.”

“ಅದನ್ನೂ ಬರ್ಕೋ.”

ಫೋನ್ ಇಟ್ಟಾಗ ಸಾಣೆ ನಿಂತಿತ್ತು. ಆ್ಯಂಬ್ರೋಸ್ ನನ್ನನ್ನೇ ನೋಡುತ್ತಿದ್ದ.

“ಆವತ್ತು ನಂಗೆಷ್ಟು ಹಾಕಿದ್ರಿ?”

ಸುಳ್ಳು ನಾಲಿಗೆಯ ತುದಿವರೆಗೂ ಬಂತು. ನುಂಗಿದೆ.

“ಮೂರು.”

“ಅಷ್ಟೊಂದಾ?” ಅವನು ನಕ್ಕ. “ನಾನು ಎರಡು ಅಂದ್ಕೊಂಡಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮತ್ತೆ ಸಾಣೆಯತ್ತ ಬಾಗಿದ, ಕಿಡಿಗಳು ಹಾರಿದವು. ನಾನು ಮಂಜಿನ ಅಂಗಳಕ್ಕೆ ಬೆನ್ನು ಮಾಡಿ ಕೋಟಿನ ಗುಂಡಿ ಹಾಕಿಕೊಂಡೆ. ಹಿಂದೆ ಹುಡುಗ ಆ ಎಡಗೈ ಸ್ಟಿಕ್ಕಿನಿಂದಲೇ ಇನ್ನೂ ಹೊಡೆಯುತ್ತಲೇ ಇದ್ದ. ಬಲೆಗೆ ಬಿದ್ದ ಪಕ್ ಸದ್ದು ಮಾಡುವುದಿಲ್ಲ. ಸದ್ದಿಲ್ಲದ ಒಂದೇ ಒಂದು ಹೊಡೆತಕ್ಕಾಗಿ ಕಾಯುತ್ತ ನಿಂತೆ.

ಟಣ್.

ತಿರುಗಿ ನೋಡಿದೆ. ಬಣ್ಣ ಹೋದ ಅದೇ ಜಾಗ.